ಸಾವಿರಕ್ಕೆ ಮೂರು, ಸಾವಿರಕ್ಕೆ ಒಂಬತ್ತು

ಮಾಘ ಮಾಸದಲ್ಲಿ ಕೊಟ್ಟೂರೇಶ್ವರನ ತೇರಿಗೆಂದು ದಾವಣಗೆರೆ ಕಡೆಯಿಂದ ಪಾದಯಾತ್ರೆ ಹೊರಟವರು ಹರಪನಹಳ್ಳಿ ಸೀಮೆಯ ಹೊಲಗಳನ್ನು ದಾಟಿ ಕೊಟ್ಟೂರು ಸೇರುತ್ತಾರೆ. ಕಾಲಿಗೆ ಬೊಬ್ಬೆ ಬಂದಿರುತ್ತದೆ, ದಾರಿಯುದ್ದಕ್ಕೂ ಊರವರು ಮಜ್ಜಿಗೆ, ಮಂಡಕ್ಕಿ ಕೊಟ್ಟು ಉಪಚರಿಸುತ್ತಾರೆ. ಆ ದಾರಿಗೆ ಬೇಲಿಯಿಲ್ಲ, ಈಚೆಗೂ ಆಚೆಗೂ ಅದೇ ಮಾತು, ಅದೇ ಮಳೆ, ಅದೇ ಮೆಕ್ಕೆಜೋಳ. ಬೀಗತನಗಳೂ ಎರಡು ಕಡೆಗೆ ಹಬ್ಬಿವೆ. ಆದರೂ 2010ರಿಂದ ಸುಮಾರು ಎರಡೂವರೆ ವರ್ಷ ಆ ದಾರಿಗೆ ಅಡ್ಡಲಾಗಿ, ಕಣ್ಣಿಗೆ ಕಾಣದ ಒಂದು ಗೆರೆ ಇತ್ತು. ಗೆರೆಯ ಯಾವ ಕಡೆ ನಿಮ್ಮ ಮನೆ ಇದೆ ಎಂಬುದರ ಮೇಲೆ ನೀವು ಬದುಕುತ್ತೀರೋ ಸಾಯುತ್ತೀರೋ ಎಂಬುದು ನಿಂತಿತ್ತು. ಇದು ಅಲಂಕಾರದ ಮಾತಲ್ಲ, ಎಣಿಸಿ ತೆಗೆದ ಲೆಕ್ಕ.

2010ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ವಾಜಪೇಯಿ ಆರೋಗ್ಯಶ್ರೀ ಯೋಜನೆಯನ್ನು ಗುಲ್ಬರ್ಗ ಕಂದಾಯ ವಿಭಾಗದಲ್ಲಿ ಶುರು ಮಾಡಿತು. ಹೃದಯ, ಕ್ಯಾನ್ಸರ್, ಕಿಡ್ನಿ, ಮೆದುಳು, ಸುಟ್ಟ ಗಾಯ, ಭಾರಿ ಅಪಘಾತ, ಹಸುಗೂಸಿನ ಕಾಯಿಲೆಗಳು ಅದರೊಳಗೆ ಬಂದವು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 1.5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ, ಬೇಕಾದರೆ ಮೇಲೆ ಇನ್ನೂ 50,000. ಕಂತು ಕಟ್ಟಬೇಕಿಲ್ಲ, ಹೆಸರು ನೋಂದಾಯಿಸಬೇಕಿಲ್ಲ. ರೇಷನ್ ಕಾರ್ಡು ತೋರಿಸಿದರೆ ಸಾಕು. ಬಳ್ಳಾರಿ ಜಿಲ್ಲೆ ಗುಲ್ಬರ್ಗ ವಿಭಾಗದ್ದು. ಹೀಗಾಗಿ ಹಡಗಲಿ, ಹಗರಿಬೊಮ್ಮನಹಳ್ಳಿ, ಆಗ ಕೊಟ್ಟೂರನ್ನೂ ಒಳಗೊಂಡಿದ್ದ ಕೂಡ್ಲಿಗಿ ತಾಲ್ಲೂಕು ಎಲ್ಲ ಒಳಗೆ ಬಂದವು. ಹರಪನಹಳ್ಳಿ ಹೊರಗುಳಿಯಿತು. ಏಕೆಂದರೆ 1997ರಲ್ಲಿ ಅದನ್ನು ಬಳ್ಳಾರಿಯಿಂದ ಕಿತ್ತು ಹೊಸ ದಾವಣಗೆರೆ ಜಿಲ್ಲೆಗೆ ಸೇರಿಸಲಾಗಿತ್ತು. ದಾವಣಗೆರೆ ಬೆಂಗಳೂರು ವಿಭಾಗದ್ದು. ಹದಿಮೂರು ವರ್ಷದ ಹಿಂದಿನ ಒಂದು ಆಡಳಿತದ ತೀರ್ಮಾನ ಹರಪನಹಳ್ಳಿಯ ಬಡವನ ಎದೆನೋವಿಗೆ ಬಂದು ತಗುಲಿತು. ಈ ನಾಲ್ಕು ತಾಲ್ಲೂಕುಗಳ ಪೈಕಿ ವೈದ್ಯಕೀಯ ಕಾಲೇಜುಗಳಿರುವ ದಾವಣಗೆರೆಗೆ ಹತ್ತಿರವಿದ್ದದ್ದು ಅದೇ ತಾಲ್ಲೂಕು ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

ಒಂದೂವರೆ ಲಕ್ಷ ಎಂದರೆ ಎಷ್ಟು? 2011ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 125 ರೂಪಾಯಿ. ಭಾಗಿಸಿ ನೋಡಿ, 1,200 ದಿನ. ಖಾತ್ರಿ ಇದ್ದದ್ದು ಇಡೀ ಮನೆಗೆ ವರ್ಷಕ್ಕೆ 100 ದಿನದ ಕೆಲಸ. ಅಂದರೆ ಗಂಡ-ಹೆಂಡತಿ ಉಣ್ಣದೆ ಉಡದೆ ಕೂಡಿಟ್ಟರೆ ಹನ್ನೆರಡು ವರ್ಷ ಬೇಕು. ಹೃದಯದ ರಕ್ತನಾಳ ಅಷ್ಟು ದಿನ ಕಾಯುವುದಿಲ್ಲ. ಆಸ್ಪತ್ರೆಯ ಕೌಂಟರಿನಲ್ಲಿ “ರೊಕ್ಕ ಎಷ್ಟಾಕ್ಕತಿ ಸರ?” ಎಂದು ಕೇಳುವವನಿಗೆ ಮೊದಲು ಸಿಗುವ ಉತ್ತರ ಅಡ್ವಾನ್ಸ್ ಕಟ್ಟಿ ಎಂಬುದು. ಆಮೇಲೆ ಅವನು ಹೊರಗೆ ಬಂದು ಫೋನು ಹಚ್ಚುತ್ತಾನೆ: ಎತ್ತು ಮಾರಬೇಕೋ, ಹೆಂಡತಿಯ ಕಿವಿಯೋಲೆ ಅಡ ಇಡಬೇಕೋ, ಮೀಟರ್ ಬಡ್ಡಿಯವನ ಬಳಿ ಹೋಗಬೇಕೋ. ಒಳಗೆ ಸ್ಟ್ರೆಚರ್ ಮೇಲೆ ಅಪ್ಪ ಮಲಗಿರುತ್ತಾನೆ.

ಈ ಗೆರೆಯನ್ನು ಅಳೆಯಬೇಕೆಂದು ನೀರಜ್ ಸೂದ್ ಮತ್ತು ಸಂಗಡಿಗ ಸಂಶೋಧಕರಿಗೆ ಹೊಳೆಯಿತು. ಯೋಜನೆಯಿದ್ದ ಉತ್ತರ ಭಾಗದ ಅಂಚಿನ 300 ಹಳ್ಳಿ, ಯೋಜನೆಯಿಲ್ಲದ ದಕ್ಷಿಣದ ಅಂಚಿನ 272 ಹಳ್ಳಿ, ಒಟ್ಟು 60,109 ಮನೆಗಳ ಲೆಕ್ಕ ಹಿಡಿದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಫಲಿತಾಂಶ ಪ್ರಕಟಿಸಿದರು. ಯೋಜನೆ ನೋಡಿಕೊಳ್ಳುತ್ತಿದ್ದ ಕಾಯಿಲೆಗಳಿಂದ ಬಡ ಮನೆಗಳಲ್ಲಿ ಆದ ಸಾವು ಗೆರೆಯ ಒಳಗೆ ಶೇಕಡ 0.32. ಗೆರೆಯ ಹೊರಗೆ ಶೇಕಡ 0.90. ಸಾವಿರಕ್ಕೆ ಮೂರು, ಸಾವಿರಕ್ಕೆ ಒಂಬತ್ತು. ಸಾವು ಶೇಕಡ 64ರಷ್ಟು ಇಳಿದಿತ್ತು!

ಇದಕ್ಕಿಂತ ನನ್ನನ್ನು ಬೆಚ್ಚಿಬೀಳಿಸಿದ್ದು ಇನ್ನೊಂದು ಜೋಡಿ ಅಂಕಿ. ಬಡತನದ ರೇಖೆಗಿಂತ ಮೇಲಿನವರಿಗೆ ಎರಡು ಕಡೆಯೂ ಯೋಜನೆ ಇರಲಿಲ್ಲ. ಅವರ ಮನೆಗಳಲ್ಲಿ ಅದೇ ಕಾಯಿಲೆಗಳ ಸಾವು ಒಳಗೆ 0.56, ಹೊರಗೆ 0.55. ಹೆಚ್ಚುಕಡಿಮೆ ಒಂದೇ. ನೀರು, ಗಾಳಿ, ರಸ್ತೆ, ವೈದ್ಯರ ಕೈಗುಣ ಯಾವುದೂ ಈ ವ್ಯತ್ಯಾಸಕ್ಕೆ ಕಾರಣವಲ್ಲ ಎಂದು ಆ ಜೋಡಿ ಹೇಳುತ್ತದೆ. ಇನ್ನೂ ಒಮ್ಮೆ ನೋಡಿ: ಗೆರೆಯ ಹೊರಗೆ ಬಡವರು ಉಳ್ಳವರಿಗಿಂತ ಹೆಚ್ಚು ಸಾಯುತ್ತಿದ್ದರು. ಗೆರೆಯ ಒಳಗೆ, ಕಾರ್ಡು ಕೈಯಲ್ಲಿದ್ದ ಬಡವರು ಉಳ್ಳವರಿಗಿಂತ ಕಡಿಮೆ ಸಾಯುತ್ತಿದ್ದರು. ಅನಾದಿಯಿಂದ ಹೀಗೇ ಎಂದು ನಾವು ಒಪ್ಪಿಕೊಂಡು ಕೂತಿದ್ದನ್ನು ಒಂದು ಸರ್ಕಾರಿ ಆದೇಶ ಎರಡೂವರೆ ವರ್ಷದಲ್ಲಿ ತಲೆಕೆಳಗು ಮಾಡಿತ್ತು.

ಒಂದು ತಾಲ್ಲೂಕಿನಲ್ಲಿ 40,000 ಬಿಪಿಎಲ್ ಮನೆಗಳಿವೆ ಎಂದಿಟ್ಟುಕೊಳ್ಳೋಣ. ಬರೀ ಮನೆಗಳ ಲೆಕ್ಕದಲ್ಲೇ ಹಿಡಿದರೂ ಗೆರೆಯ ಒಳಗಿದ್ದರೆ 128 ಸಾವು, ಹೊರಗಿದ್ದರೆ 360. ನಡುವಿನ 232 ಮಂದಿಯನ್ನು ಕೂರಿಸಲು ನಾಲ್ಕು ಕೆಂಪು ಬಸ್ಸು ಸಾಲುವುದಿಲ್ಲ.

ಚಿಕಿತ್ಸೆ ಹಕ್ಕೋ ವ್ಯಾಪಾರವೋ ಎಂದು ವಾದ ಮಾಡುವವರಿಗೆ ನಾನು ಈ ಗೆರೆಯನ್ನೇ ತೋರಿಸುತ್ತೇನೆ. ಇಲ್ಲಿ ಖಾಸಗಿ ಆಸ್ಪತ್ರೆಗಳನ್ನು ಯಾರೂ ಮುಚ್ಚಿಸಲಿಲ್ಲ. ಶಸ್ತ್ರಚಿಕಿತ್ಸೆ ಮಾಡಿದ್ದು ಹೆಚ್ಚಾಗಿ ಅವೇ. ಹಣ ಸರ್ಕಾರದಿಂದ ಅವುಗಳ ಖಾತೆಗೆ ಬಂತು. ಬದಲಾದದ್ದು ಇಷ್ಟೇ: ಬಾಗಿಲಲ್ಲಿ ರೋಗಿಯನ್ನು ದುಡ್ಡು ಕೇಳಲಿಲ್ಲ. ಅಷ್ಟಕ್ಕೇ ಅಷ್ಟು ಜೀವ ಉಳಿದವು. ಇನ್ನು ಹಕ್ಕಿನ ಮಾತು: ಪಶ್ಚಿಮ ಬಂಗಾಳದಲ್ಲಿ ರೈಲಿನಿಂದ ಬಿದ್ದ ಕೂಲಿಕಾರನೊಬ್ಬನನ್ನು ಹಾಸಿಗೆಯಿಲ್ಲವೆಂದು ಸರ್ಕಾರಿ ಆಸ್ಪತ್ರೆಗಳು ಒಂದಾದ ಮೇಲೊಂದು ಸಾಗಹಾಕಿದ್ದವು. ಆತ ಖಾಸಗಿಯಲ್ಲಿ ಸುಮಾರು 17,000 ರೂಪಾಯಿ ತೆತ್ತು ಬದುಕಿದ. ಸಕಾಲದ ಚಿಕಿತ್ಸೆ ನಿರಾಕರಿಸುವುದು ಬದುಕುವ ಹಕ್ಕಿನ ಉಲ್ಲಂಘನೆ, ಹಣವಿಲ್ಲ ಎಂಬುದು ಸರ್ಕಾರಕ್ಕೆ ನೆಪವಾಗದು ಎಂದು ಸುಪ್ರೀಂ ಕೋರ್ಟ್ ಆ ಪ್ರಕರಣದಲ್ಲಿ ಹೇಳಿದ್ದು 1996ರಲ್ಲಿ. ಅದಾಗಿ ಹದಿನಾಲ್ಕು ವರ್ಷದ ಮೇಲೂ ಆ ಹಕ್ಕು ಹಡಗಲಿಗೆ ಬಂದು ಹರಪನಹಳ್ಳಿಗೆ ಬರದೆ ನಿಂತಿತ್ತು.

2012ರಲ್ಲಿ ಯೋಜನೆ ದಕ್ಷಿಣಕ್ಕೂ ಹಬ್ಬಿತು, ಗೆರೆ ಅಳಿಯಿತು. ಹರಪನಹಳ್ಳಿ ಹೋರಾಡಿ ಮತ್ತೆ ಬಳ್ಳಾರಿ ಸೇರಿತು. 2021ರಿಂದ ಈ ತಾಲ್ಲೂಕುಗಳೆಲ್ಲ ವಿಜಯನಗರ ಜಿಲ್ಲೆಯಲ್ಲಿವೆ. ಈಗಿನ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ. ಎಪಿಎಲ್ ಕುಟುಂಬಕ್ಕೆ ಸರ್ಕಾರ ನಿಗದಿ ಮಾಡಿದ ಪ್ಯಾಕೇಜ್ ದರದ ಶೇಕಡ 30 ಮಾತ್ರ, ಉಳಿದದ್ದು ಕೈಯಿಂದ. ತುರ್ತಲ್ಲದ ದೊಡ್ಡ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಕೂಡ್ಲಿಗಿಯ ಮುದುಕಿ ಸೀರೆಯ ಸೆರಗಿನ ಗಂಟು ಬಿಚ್ಚಿ, ಪ್ಲಾಸ್ಟಿಕ್ ಚೀಲದೊಳಗಿಂದ ರೇಷನ್ ಕಾರ್ಡನ್ನು ತೆಗೆಯುತ್ತಾಳೆ. ಮಡಿಕೆಯಲ್ಲಿ ಸವೆದು ಹೆಸರಿನ ಒಂದಕ್ಷರ ಹೋಗಿದೆ. ಆಧಾರಿನ ಹೆಸರಿಗೆ ಅದು ತಾಳೆಯಾಗಬೇಕು.