ಬೊಜ್ಜಿನ ಶಸ್ತ್ರಚಿಕಿತ್ಸೆಯ ಅನಂತರ: ಸಮಾನದುಃಖಿಗಳ ಒತ್ತಾಸೆ

ಬಾದಾಮಿಯಿಂದ ಮಹಾಕೂಟಕ್ಕೆ ಹೋಗಲು ಎರಡು ದಾರಿಗಳುಂಟು. ಸುತ್ತಿ ಬಳಸಿ ಹೋಗುವ ಗಾಡಿಯ ದಾರಿ ಒಂದು. ಗುಡ್ಡ ಹತ್ತಿ ಇಳಿದು ಹೋಗುವ ಹಳೆಯ ಕಾಲುದಾರಿ ಇನ್ನೊಂದು. ಕಾಲುದಾರಿ ಹಿಡಿದವರು ಸಾಮಾನ್ಯವಾಗಿ ಒಬ್ಬೊಬ್ಬರೇ ಹೋಗುವುದಿಲ್ಲ. ಮುಂದೆ ಹೋದವನು ತಿರುಗಿ ನಿಂತು, "ಇಲ್ಲಿ ಕಲ್ಲು ಜಾರತೈತಿ, ಎಡಕ್ಕ ಬರ್ರಿ" ಎಂದು ಕೂಗುತ್ತಾನೆ. ಅವನೇನು ಭೂಗರ್ಭಶಾಸ್ತ್ರ ಓದಿದವನಲ್ಲ. ಹಿಂದೆ ಬರುವವರಿಗಿಂತ ಹತ್ತು ಹೆಜ್ಜೆ ಮೊದಲು ಅದೇ ಕಲ್ಲಿನ ಮೇಲೆ ಕಾಲಿಟ್ಟವನು, ಅಷ್ಟೆ. ಆದರೂ ಆ ಗಳಿಗೆಯಲ್ಲಿ ಅವನ ಮಾತಿಗಿರುವ ಬೆಲೆ ನಕ್ಷೆಗೂ ಇರುವುದಿಲ್ಲ.

ವೈದ್ಯಕೀಯದಲ್ಲಿಯೂ ಇಂಥ ಕಾಲುದಾರಿಗಳಿವೆ. ದೇಹದ ಅತಿಯಾದ ತೂಕವನ್ನು ಇಳಿಸಲು ಜಠರದ ಮೇಲೆ ಮಾಡುವ ಶಸ್ತ್ರಚಿಕಿತ್ಸೆ ಅವುಗಳಲ್ಲೊಂದು. ಶಸ್ತ್ರಚಿಕಿತ್ಸೆ ಒಂದೆರಡು ಗಂಟೆಯ ಕೆಲಸ. ಕೆಲವೇ ದಿನಗಳಲ್ಲಿ ಆಸ್ಪತ್ರೆಯಿಂದ ಬಿಡುಗಡೆಯೂ ಆಗುತ್ತದೆ. ಆದರೆ ಅನಂತರದ ಬಾಳು ಮೂವತ್ತು ನಲವತ್ತು ವರ್ಷಗಳದು. ಅಷ್ಟು ದೂರ ವೈದ್ಯರು ಮನೆಬಾಗಿಲಲ್ಲಿ ನಿಂತಿರಲಾರರು. ಅಲ್ಲಿ ಬೇಕಾಗುವುದು ಅದೇ ದಾರಿಯಲ್ಲಿ ಮೊದಲು ನಡೆದವರ ಮಾತು.

ಬೊಜ್ಜು ಎಂದರೆ ಎಷ್ಟು ತೂಕ ಎಂಬ ಪ್ರಶ್ನೆ ಸಹಜ. ಕಿಲೋಗ್ರಾಮಿನಲ್ಲಿ ಅಳೆದ ತೂಕವನ್ನು ಮೀಟರಿನಲ್ಲಿ ಅಳೆದ ಎತ್ತರದ ವರ್ಗದಿಂದ ಭಾಗಿಸಿದರೆ ಒಂದು ಅಂಕಿ ಬರುತ್ತದೆ. ಒಂದೂವರೆ ಮೀಟರ್ ಎತ್ತರದ ಗೃಹಿಣಿಯ ತೂಕ 90 ಕಿಲೋ ಇದ್ದರೆ, ತೊಂಬತ್ತನ್ನು ಎರಡೂ ಕಾಲಿನಿಂದ ಭಾಗಿಸಬೇಕು. ಬರುವ ಅಂಕಿ 40. ಈ ಅಂಕಿ 25ನ್ನು ದಾಟಿದರೆ ತೂಕ ಮಿತಿಮೀರಿತೆಂದು ಲೆಕ್ಕ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ಸುಮಾರು ನಾಲ್ಕರಲ್ಲೊಂದು ಪಾಲು ಸ್ತ್ರೀಯರು, ಹೆಚ್ಚು ಕಡಿಮೆ ಅಷ್ಟೇ ಪಾಲು ಪುರುಷರು ಈ ಗೆರೆ ದಾಟಿದವರು. ಅವರಲ್ಲಿ ಬಹುತೇಕರಿಗೆ ಶಸ್ತ್ರಚಿಕಿತ್ಸೆ ಬೇಕಿಲ್ಲ. ಅಂಕಿ ಬಹಳ ಮೇಲೇರಿದವರಿಗೆ, ಅದರ ಜೊತೆಗೆ ಸಕ್ಕರೆ ರೋಗ, ರಕ್ತದೊತ್ತಡ, ನಿದ್ರೆಯಲ್ಲಿ ಉಸಿರು ಕಟ್ಟುವುದು ಮೊದಲಾದವು ಅಂಟಿಕೊಂಡವರಿಗೆ ಮಾತ್ರ ವೈದ್ಯರು ಇದನ್ನು ಸೂಚಿಸುತ್ತಾರೆ.

ಈ ವಿದ್ಯೆ ತೀರ ಹೊಸದೇನಲ್ಲ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಡಾಕ್ಟರ್ ಎಡ್ವರ್ಡ್ ಮೇಸನ್ನರು 1966ರಲ್ಲಿಯೇ ಜಠರಕ್ಕೆ ಅಡ್ಡದಾರಿ ಕಟ್ಟುವ ಕ್ರಮವನ್ನು ಆರಂಭಿಸಿದರು. ಇಂದು ಹೆಚ್ಚಾಗಿ ನಡೆಯುವುವು ಎರಡು ಬಗೆ. ಒಂದರಲ್ಲಿ ಜಠರದ ಮುಕ್ಕಾಲು ಭಾಗವನ್ನೋ ಅದಕ್ಕಿಂತ ಸ್ವಲ್ಪ ಹೆಚ್ಚನ್ನೋ ತೆಗೆದುಹಾಕಿ, ಬಾಳೆಹಣ್ಣಿನ ಆಕಾರದ ಒಂದು ನಳಿಗೆಯನ್ನಷ್ಟೇ ಉಳಿಸುತ್ತಾರೆ. ಇನ್ನೊಂದರಲ್ಲಿ ಜಠರದ ಮೇಲ್ತುದಿಯಲ್ಲಿ ಮೂವತ್ತು ಮಿಲಿಲೀಟರ್ ಹಿಡಿಯುವಷ್ಟು ಪುಟ್ಟ ಚೀಲವನ್ನು ಮಾಡಿ, ಅದನ್ನು ನೇರವಾಗಿ ಸಣ್ಣಕರುಳಿಗೆ ಜೋಡಿಸುತ್ತಾರೆ. ಎರಡರಲ್ಲಿಯೂ ತುತ್ತಿನ ಪ್ರಮಾಣ ಕುಗ್ಗುತ್ತದೆ. ಅಷ್ಟೇ ಅಲ್ಲ, ಹಸಿವನ್ನು ಹುಟ್ಟಿಸುವ ಮತ್ತು ಸಕ್ಕರೆಯನ್ನು ಹತೋಟಿಯಲ್ಲಿಡುವ ರಸಗಳ ಲೆಕ್ಕಾಚಾರವೂ ಬದಲಾಗುತ್ತದೆ. ಸ್ವೀಡನ್ನಿನಲ್ಲಿ 1987ರಿಂದ ನಡೆದ ದೀರ್ಘ ಅಧ್ಯಯನವೊಂದರ 2020ರ ವರದಿಯಂತೆ, ಈ ಚಿಕಿತ್ಸೆ ಪಡೆದವರು ಪಡೆಯದ ಸ್ಥೂಲಕಾಯರಿಗಿಂತ ಸರಾಸರಿ ಮೂರು ವರ್ಷ ಹೆಚ್ಚು ಬಾಳಿದರು. ಆದ್ದರಿಂದ ಇದು ಅಂದಚೆಂದದ ಹುಚ್ಚಲ್ಲ, ಆಯುಷ್ಯದ ವಿಷಯ.

ಮನೆಗೆ ಬಂದ ಮೇಲೆ ಏನಾಗುತ್ತದೆ? ಮೊದಲ ಒಂದೆರಡು ವಾರ ಬರಿಯ ದ್ರವ: ಬೇಳೆಯ ಕಟ್ಟು, ತಿಳಿ ಮಜ್ಜಿಗೆ, ಹೀಗೆ. ಆಮೇಲೆ ನುಣ್ಣಗೆ ಅರೆದದ್ದು. ಅದಾದ ಮೇಲೆ ಮೆತ್ತನೆಯದು. ಎಲ್ಲರಂತೆ ಗಟ್ಟಿ ಆಹಾರಕ್ಕೆ ಬರಬೇಕಾದರೆ ಆರೆಂಟು ವಾರ ಹಿಡಿಯುತ್ತದೆ. ಆಗಲೂ ಒಂದೊಂದು ತುತ್ತನ್ನು ಇಪ್ಪತ್ತು ಮೂವತ್ತು ಸಲ ಅಗಿಯಬೇಕು. ಊಟದ ನಡುವೆ ನೀರು ಕುಡಿಯಬಾರದು. ಉಂಡು ಅರ್ಧ ಗಂಟೆಯಾದ ಮೇಲೆ ಗುಟುಕು ಗುಟುಕಾಗಿ ಕುಡಿಯಬೇಕು. ಇರುವ ಇಷ್ಟೇ ಜಾಗದಲ್ಲಿ ದಿನಕ್ಕೆ ಅರವತ್ತು ಗ್ರಾಮಿಗೆ ಕಡಿಮೆಯಿಲ್ಲದಂತೆ ಸಸಾರಜನಕ ಸೇರಬೇಕಾದ್ದರಿಂದ ಮೊಸರು, ಹೆಸರುಕಾಳು, ಝುಣಕ, ತಿನ್ನುವವರಾದರೆ ಮೊಟ್ಟೆ, ಇವುಗಳದೇ ಮೊದಲ ಪಂಕ್ತಿ. ಅನ್ನ ರೊಟ್ಟಿಗಳದು ಅನಂತರದ ಪಂಕ್ತಿ. ಕಬ್ಬಿಣ, ಸುಣ್ಣದ ಅಂಶ, ಬಿ-12 ಮತ್ತು ಡಿ ಜೀವಸತ್ವಗಳ ಗುಳಿಗೆಗಳನ್ನು ಬದುಕಿರುವವರೆಗೂ ಬಿಡುವಂತಿಲ್ಲ.

ಇಷ್ಟನ್ನು ಆಸ್ಪತ್ರೆಯವರು ಕಾಗದದ ಮೇಲೆ ಬರೆದುಕೊಡುತ್ತಾರೆ. ಆದರೆ ನಮ್ಮ ಮನೆಗಳು ಕಾಗದದಂತೆ ನಡೆಯುವುದಿಲ್ಲವಷ್ಟೆ! ಬನದ ಹುಣ್ಣಿಮೆಗೆ ಬನಶಂಕರಿಯ ಜಾತ್ರೆ ಕೂಡುತ್ತದೆ. ಬುಟ್ಟಿ ಹೊತ್ತ ತಾಯಂದಿರು ರೊಟ್ಟಿ, ಕೆಂಪು ಚಟ್ನಿ, ಮಡಕೆಯ ಮೊಸರು ತಂದು ಮುಂದೆ ಕೂಡುತ್ತಾರೆ. ಬೀಗರ ಮನೆಯಲ್ಲಿ ಗೋದಿ ಹುಗ್ಗಿ. ಬರುವವರ ಕೈಯಲ್ಲಿ ಅಮೀನಗಡದ ಕರದಂಟು. "ಇನ್ನೊಂದೇ ಒಂದು" ಎಂಬ ಒತ್ತಾಯವೇ ನಮ್ಮ ಕಡೆಯ ಪ್ರೀತಿಯ ಭಾಷೆ. ಬೇಡವೆಂದರೆ ಉಣಬಡಿಸುವವರ ಮುಖ ಬಾಡುತ್ತದೆ. ಬೇಕೆಂದರೋ, ಅಡ್ಡದಾರಿ ಕಟ್ಟಿದ ಜಠರದಿಂದ ಸಿಹಿ ಒಮ್ಮೆಲೇ ಕರುಳಿಗಿಳಿದು ಎದೆ ಹೊಡೆದುಕೊಳ್ಳುತ್ತದೆ, ಬೆವರು ಕಿತ್ತುಬರುತ್ತದೆ, ಹೊಟ್ಟೆ ನುಲಿಯುತ್ತದೆ. ಶ್ರಾವಣ ಸೋಮವಾರದ ನಿರಾಹಾರವೂ ಅಷ್ಟೇ ಅಪಾಯ. ಒಮ್ಮೆಗೆ ಹೆಚ್ಚು ನೀರು ಕುಡಿಯಲಾರದ ದೇಹ ಬೇಗ ಒಣಗುತ್ತದೆ.

ಇಳಕಲ್ಲಿನ ಒಬ್ಬ ಗೃಹಿಣಿಯನ್ನು ಎಣಿಸಿಕೊಳ್ಳಿ. ದೂರದ ದೊಡ್ಡ ಊರಿಗೆ ಹೋಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಂದಿದ್ದಾಳೆ. ನೆರೆಹೊರೆಗೆ ಮಾತ್ರ, "ಪಿತ್ತಕೋಶದಲ್ಲಿ ಹರಳಿತ್ತು" ಎಂದು ಹೇಳಿದೆ. "ಬಾಯಿ ಕಟ್ಟಲಾರದವರು ಹೊಟ್ಟೆ ಕೊಯ್ಯಿಸಿಕೊಂಡರು" ಎಂಬ ಚುಚ್ಚುಮಾತಿಗೆ ಹೆದರಿ ಈ ಮುಚ್ಚುಮರೆ. ಮೂರನೆಯ ತಿಂಗಳು ಬಾಚಣಿಗೆಯ ತುಂಬ ಕೂದಲು ಬರುತ್ತದೆ. ಐದನೆಯ ತಿಂಗಳು ತೂಕ ಮೂರು ವಾರ ಅಲ್ಲಾಡುವುದಿಲ್ಲ. ತೋಳಿನ ಚರ್ಮ ಜೋತುಬೀಳುತ್ತದೆ. ಸಿಟ್ಟು ಬಂದಾಗ, ಬೇಸರವಾದಾಗ ಕೈ ತಾನಾಗಿ ಡಬ್ಬಿಯತ್ತ ಹೋಗುತ್ತಿತ್ತು; ಈಗ ಆ ಸಮಾಧಾನವೂ ಇಲ್ಲ. ಉಂಡದ್ದು ನಿಲ್ಲದೆ ಬಚ್ಚಲಿಗೆ ಹೋಗಿ ಸದ್ದಿಲ್ಲದೆ ವಾಂತಿ ಮಾಡಿ ಬರುತ್ತಾಳೆ. "ಇಷ್ಟು ಹಣ ಸುರಿದೂ ಹೀಗೆ" ಎಂಬ ಮಾತು ಬರುವುದೆಂದು ಗಂಡನಿಗೂ ಹೇಳುವುದಿಲ್ಲ.

ಇವಳ ಚಿಂತೆಗಳಲ್ಲಿ ಮೂರು ಅಂಜಬೇಕಾದವಲ್ಲ. ಕೂದಲುದುರುವುದು ಮೂರನೆಯ ತಿಂಗಳಿನಿಂದ ಆರನೆಯ ತಿಂಗಳವರೆಗೆ ಅನೇಕರಿಗೆ ಆಗುವಂಥದು. ಪೋಷಣೆ ಸರಿಯಿದ್ದರೆ ಬಹುಮಟ್ಟಿಗೆ ಮರಳಿ ಬೆಳೆಯುತ್ತದೆ. ತೂಕ ನಡುನಡುವೆ ನಿಲ್ಲುವುದೂ ಸಾಮಾನ್ಯ. ಚರ್ಮದ ಜೋಲು ದೇಹ ಕುಗ್ಗಿದ್ದರ ಗುರುತು. ಆದರೆ ನಾಲ್ಕನೆಯದು, ಆ ಗುಟ್ಟಿನ ವಾಂತಿ, ನಿಜವಾದ ಗಂಡಾಂತರ. ದಿನಗಟ್ಟಲೆ ವಾಂತಿಯಾದರೆ ಬಿ-1 ಜೀವಸತ್ವ ಬರಿದಾಗಿ ನರಗಳಿಗೆ, ಮಿದುಳಿಗೆ ಅಳಿಸಲಾಗದ ಪೆಟ್ಟು ಬೀಳಬಹುದು. ನೋಡಿ, ಅಂಜಬಾರದ್ದಕ್ಕೆ ಅಂಜಿ, ಅಂಜಬೇಕಾದ್ದನ್ನು ಬಚ್ಚಿಟ್ಟಿದ್ದಾಳೆ. ಒಂದು ವರ್ಷ ಮೊದಲು ಇದೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಇನ್ನೊಬ್ಬ ಹೆಂಗಸು ವಾರಕ್ಕೊಮ್ಮೆ ಇವಳೊಡನೆ ಮಾತನಾಡಿದ್ದರೆ? "ನನಗೂ ಕೂದಲು ಉದುರಿತ್ತು, ಈಗ ನೋಡು" ಎಂದು ಮೊದಲ ಮಾತಿಗೇ ಹೇಳುತ್ತಿದ್ದಳು. "ವಾಂತಿ ಎಷ್ಟು ದಿನದಿಂದ? ನಾಳೆ ಬೆಳಿಗ್ಗೆಯೇ ಆಸ್ಪತ್ರೆಗೆ ಹೋಗು" ಎಂದು ಎರಡನೆಯ ಮಾತಿಗೆ ಹೇಳುತ್ತಿದ್ದಳು. ಸಮಾನದುಃಖಿಗಳ ಒತ್ತಾಸೆಯೆಂದರೆ ಈ ಎರಡು ಮಾತುಗಳೇ.

ಇಂಥ ಒತ್ತಾಸೆ ಹೊಸ ಕಲ್ಪನೆಯಲ್ಲ. 1905ರಲ್ಲಿ ಬಾಸ್ಟನ್ ನಗರದ ಡಾಕ್ಟರ್ ಜೋಸೆಫ್ ಪ್ರ್ಯಾಟರು ಬಡ ಕ್ಷಯರೋಗಿಗಳನ್ನು ವಾರಕ್ಕೊಮ್ಮೆ ಒಂದೆಡೆ ಕೂಡಿಸಿ, ಅವರವರ ದಿನಚರಿಯ ಪುಸ್ತಕಗಳನ್ನು ಮುಂದಿಟ್ಟುಕೊಂಡು ಮಾತನಾಡಿಸುತ್ತಿದ್ದರು. ತೂಕ ಇಳಿಸುವವರೇ ಕೂಡಿ ಒಬ್ಬರಿಗೊಬ್ಬರು ಆಸರೆಯಾಗುವ ಸಂಘವನ್ನು ಅಮೆರಿಕದ ಮಿಲ್ವಾಕಿ ನಗರದಲ್ಲಿ ಎಸ್ತರ್ ಮ್ಯಾಂಜ್ ಎಂಬ ಗೃಹಿಣಿ 1948ರಲ್ಲಿ ಹುಟ್ಟುಹಾಕಿದರು. ರೇಡಿಯೋ ಕೇಳುವ ನಮಗೆ ಇನ್ನೂ ಹತ್ತಿರದ ಉದಾಹರಣೆಯಿದೆ. 1956ರಲ್ಲಿ ಪುಣೆಯ ಆಕಾಶವಾಣಿ ಕೇಂದ್ರದಿಂದ ಆಗಿನ ಮುಂಬಯಿ ರಾಜ್ಯದ 5 ಜಿಲ್ಲೆಗಳ 150 ಹಳ್ಳಿಗಳಿಗೆ ಒಂದು ಪ್ರಯೋಗ ನಡೆಯಿತು. ನಮ್ಮ ಈ ಸೀಮೆಯೂ ಆ ವರ್ಷದ ನವೆಂಬರಿನವರೆಗೆ ಅದೇ ರಾಜ್ಯದಲ್ಲಿತ್ತು. ಹಳ್ಳಿಯ ಕೆಲವರು ಕೂಡಿ ಕುಳಿತು ಕಾರ್ಯಕ್ರಮ ಕೇಳುವುದು, ಕೇಳಿದ ಮೇಲೆ ತಮ್ಮತಮ್ಮಲ್ಲಿ ಚರ್ಚಿಸುವುದು, ಇದೇ ಕ್ರಮ. ಇಂಥ ಕೂಟಗಳಿದ್ದ ಹಳ್ಳಿಗಳವರು ಇಲ್ಲದ ಹಳ್ಳಿಗಳವರಿಗಿಂತ ಬಹಳ ಹೆಚ್ಚು ಕಲಿತರೆಂದು ಪರಿಶೀಲನೆಯಲ್ಲಿ ಕಂಡುಬಂತು. ಕಿವಿಗೆ ಬಿದ್ದದ್ದು ಬಾಳಿಗೆ ಇಳಿಯಬೇಕಾದರೆ ನಾಲ್ಕು ಜನರ ಮಾತಿನಲ್ಲಿ ಅದು ಅರೆಯಲ್ಪಡಬೇಕು. ಒಕ್ಕಲುತನದಲ್ಲಿ ಮುಯ್ಯಾಳಿನ ಪದ್ಧತಿ ತಿಳಿದ ನಮ್ಮವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಇಂದು ನಾನು ನಿನ್ನ ಹೊಲಕ್ಕೆ, ನಾಳೆ ನೀನು ನನ್ನ ಹೊಲಕ್ಕೆ.

ಬೊಜ್ಜಿನ ಶಸ್ತ್ರಚಿಕಿತ್ಸೆಯ ಅನಂತರ ಇಂಥ ಕೂಟಗಳಿಗೆ ತಪ್ಪದೆ ಬರುವವರಲ್ಲಿ ತೂಕ ಹೆಚ್ಚು ಇಳಿದಿರುವುದನ್ನು ಹಲವು ಅಧ್ಯಯನಗಳು ಗುರುತಿಸಿವೆ. ಇಲ್ಲಿ ಒಂದು ಎಚ್ಚರ ಬೇಕು. ತಪ್ಪದೆ ಬರುವವರು ಸ್ವಭಾವತಃ ಶಿಸ್ತಿನವರೇ ಆಗಿರಬಹುದು. ಎಲ್ಲ ಕೀರ್ತಿಯನ್ನೂ ಕೂಟಕ್ಕೆ ಕೊಡುವುದು ಸರಿಯಲ್ಲ. ಆದರೂ ಒಂಟಿತನ ನೀಗುವುದು, ಕೈಬಿಟ್ಟ ಗುಳಿಗೆಗಳು ಮತ್ತೆ ನೆನಪಾಗುವುದು, ಆಸ್ಪತ್ರೆಗೆ ವೇಳೆಗೆ ಸರಿಯಾಗಿ ಹೋಗುವುದು ಸಣ್ಣ ಲಾಭಗಳಲ್ಲ.

ಕೂಟ ಕಟ್ಟುವುದು ಹೇಗೆ? ಐದಾರು ಜನ ಸಾಕು. ಶಸ್ತ್ರಚಿಕಿತ್ಸೆ ಮಾಡಿದ ಆಸ್ಪತ್ರೆಯ ಆಹಾರತಜ್ಞರನ್ನೋ ದಾದಿಯರನ್ನೋ ಕೇಳಿದರೆ, ಒಪ್ಪಿಗೆ ಕೊಟ್ಟವರನ್ನು ಪರಿಚಯಿಸಿಯಾರು. ತಿಂಗಳಿಗೊಮ್ಮೆ ಭೇಟಿ, ಊರುಗಳು ದೂರವಾದರೆ ವಾರಕ್ಕೊಮ್ಮೆ ಗೊತ್ತುಪಡಿಸಿದ ವೇಳೆಗೆ ದೂರವಾಣಿ. ಹೊಸಬರೊಬ್ಬರಿಗೆ ವರ್ಷ ಕಳೆದ ಒಬ್ಬ ಜೊತೆಗಾರರನ್ನು ಗೊತ್ತುಮಾಡುವುದು ಒಳ್ಳೆಯದು. ಸೇರುವುದು ಊಟದ ಪಂಕ್ತಿಯಲ್ಲಿ ಬೇಡ. ಒಂದಿಷ್ಟು ನಡೆದಾಡುತ್ತ ಮಾತನಾಡಿದರೆ ಎರಡೂ ಕೆಲಸವಾದವು. ನಾಲ್ಕು ಕಟ್ಟುಗಳನ್ನು ಮಾತ್ರ ಎಲ್ಲರೂ ಪಾಲಿಸಬೇಕು. ಅಲ್ಲಿ ಆಡಿದ ಮಾತು ಅಲ್ಲಿಗೇ ಉಳಿಯಬೇಕು. ಯಾರ ತೂಕ ಎಷ್ಟಿಳಿಯಿತೆಂಬ ಪಂದ್ಯ ಕಟ್ಟಬಾರದು. ದೇಹ ದೇಹಕ್ಕೂ ವ್ಯತ್ಯಾಸವುಂಟು. ತೂಕ ಮರಳಿ ಸ್ವಲ್ಪ ಏರಿದವರನ್ನು ಅಪರಾಧಿಯಂತೆ ನೋಡಬಾರದು. ವರ್ಷ ಎರಡು ವರ್ಷಗಳಾದ ಮೇಲೆ ಒಂದಿಷ್ಟು ಏರುವುದು ಅನೇಕರಲ್ಲುಂಟು, ಅಂಥವರೇ ಕೂಟಕ್ಕೆ ಹೆಚ್ಚಾಗಿ ಬರಬೇಕಾದವರು. ಒಬ್ಬರ ಔಷಧವನ್ನು ಇನ್ನೊಬ್ಬರಿಗೆ ಹೇಳಕೂಡದು. ಸಕ್ಕರೆಯ ಗುಳಿಗೆ ಕಡಿಮೆ ಮಾಡುವುದೂ ಬಿಡುವುದೂ ವೈದ್ಯರ ಕೆಲಸ.

ಜೊತೆಗಾರರ ಮಾತಿಗೆ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳೂ ಇವೆ. ಜ್ವರದೊಡನೆ ಹೊಟ್ಟೆನೋವು, ನಾಡಿ ಬಹಳ ಜೋರಾಗಿ ಹೊಡೆಯುವುದು, ಉಸಿರಾಟದ ಕಷ್ಟ, ಮೀನಖಂಡದಲ್ಲಿ ನೋವು ಬಾವು, ಕಪ್ಪು ಮಲ, ಗುಟುಕು ನೀರೂ ನಿಲ್ಲದ ವಾಂತಿ, ನಡೆಯುವಾಗ ತೂರಾಡುವುದು, ಒಂದು ಎರಡಾಗಿ ಕಾಣುವುದು. ಅಡ್ಡದಾರಿಯ ಶಸ್ತ್ರಚಿಕಿತ್ಸೆಯಾದವರಿಗೆ ಮದ್ಯ ಬಲು ಬೇಗ ರಕ್ತಕ್ಕೇರುತ್ತದೆ, ಚಟವಾಗುವ ಸಂಭವವೂ ಹೆಚ್ಚು, ದೂರವಿರುವುದೇ ಲೇಸು. ಹರೆಯದ ಸ್ತ್ರೀಯರು ಒಂದು ವರ್ಷದಿಂದ ಒಂದೂವರೆ ವರ್ಷದವರೆಗೆ ಬಸಿರನ್ನು ಮುಂದೂಡಬೇಕು. ಮನಸ್ಸು ಕುಸಿದು, ಬದುಕೇ ಬೇಡವೆನ್ನಿಸಿದರೆ ಅದನ್ನು ನಾಚಿಕೆಯ ವಿಷಯವೆಂದು ತಿಳಿಯಬೇಡಿ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಗೆ 14416ರಲ್ಲಿ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು.

ಮನೆಯವರಿಗೂ ಒಂದು ಮಾತು. ನಿಮ್ಮ ಪ್ರೀತಿಯನ್ನು ತಟ್ಟೆಯಿಂದ ಬೇರೆಡೆಗೆ ಸರಿಸಿ. ಚಿಕ್ಕ ಬಟ್ಟಲಿನಲ್ಲಿ ಬಡಿಸಿ, ಅವಸರಪಡಿಸಬೇಡಿ, ಬಿಟ್ಟದ್ದನ್ನು ಲೆಕ್ಕ ಹಾಕಬೇಡಿ. ಹಬ್ಬದ ಮನೆಯಲ್ಲಿ ಬೀಗರು ಒತ್ತಾಯ ಮಾಡಿದಾಗ "ವೈದ್ಯರ ಕಟ್ಟು ಐತ್ರಿ" ಎಂದು ನೀವೇ ಮುಂದಾಗಿ ಹೇಳಿದರೆ, ರೋಗಿಯ ಅರ್ಧ ಸಂಕಟ ಅಲ್ಲಿಗೇ ಇಳಿಯುತ್ತದೆ. ಕೂಟಕ್ಕೆ ಒಮ್ಮೊಮ್ಮೆ ನೀವೂ ಹೋಗಿ ಬನ್ನಿ.

ಗುಡ್ಡ ಇಳಿದವರಿಗೆ ಮಹಾಕೂಟದಲ್ಲಿ ಕಾಣುವುದು ಒರತೆಯ ನೀರಿನಿಂದ ತುಂಬಿದ ಪುಷ್ಕರಿಣಿ. ಜೊತೆಯಾಗಿ ಬಂದವರು ಅದರ ಮೆಟ್ಟಿಲ ಮೇಲೆ ಕುಳಿತು ದಣಿವಾರಿಸಿಕೊಳ್ಳುತ್ತಾರೆ. ಅವರಲ್ಲಿ ಯಾರಾದರೊಬ್ಬರು ಎದ್ದು, ಹಿಂದುಳಿದವರು ಬಂದರೇ ಎಂದು ದಾರಿಯತ್ತ ನೋಡುತ್ತಾರೆ. ಶಸ್ತ್ರಚಿಕಿತ್ಸೆಯ ದಾರಿಯಲ್ಲಿ ಮೊದಲು ನಡೆದವರು ಮಾಡಬೇಕಾದುದೂ ಇಷ್ಟೇ: ತಾವು ತಲುಪಿದ ಮೇಲೆ ಒಮ್ಮೆ ಹಿಂದಿರುಗಿ ನೋಡಿ, ಕೂಗಿ ಕರೆಯುವುದು.