40 ಗಂಟೆ ಕಲಿಕೆ, 40 ಗಂಟೆ ಸೇವೆ

ಅಮೆರಿಕದ ‘ಟೆಕ್ಸಸ್ ಮಾಸ್ಟರ್ ನ್ಯಾಚುರಲಿಸ್ಟ್’ ಊರಿನ ಸಾಮಾನ್ಯ ಜನರಿಗೆ ತಮ್ಮ ಸುತ್ತಲಿನ ಗಿಡಮರ, ಹಕ್ಕಿ, ಹುಳುಹುಪ್ಪಟೆ, ಹಳ್ಳಕೊಳ್ಳಗಳನ್ನು ಓದಲು ಕಲಿಸಿ, ಆ ತಿಳಿವಳಿಕೆಯನ್ನು ಊರಿನ ಕೆಲಸಕ್ಕೇ ಹಚ್ಚುವ ತರಬೇತಿ. 1997ರಲ್ಲಿ ಸ್ಯಾನ್ ಆಂಟೋನಿಯೊ ನಗರದಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಇದನ್ನು ರಾಜ್ಯದ ಉದ್ಯಾನ ಮತ್ತು ವನ್ಯಜೀವಿ ಇಲಾಖೆ ಹಾಗೂ ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ಕೃಷಿ ವಿಸ್ತರಣಾ ವಿಭಾಗ ಜೊತೆಯಾಗಿ ನಡೆಸುತ್ತವೆ. ಇದಕ್ಕೆ ಮೇಲ್ಪಂಕ್ತಿ ‘ಮಾಸ್ಟರ್ ಗಾರ್ಡನರ್’ ಯೋಜನೆ. 1970ರ ದಶಕದ ಆರಂಭದಲ್ಲಿ ವಾಷಿಂಗ್ಟನ್ ರಾಜ್ಯದ ಕೃಷಿ ಅಧಿಕಾರಿಗಳು, ಕೈತೋಟದವರ ಪ್ರಶ್ನೆಗಳಿಗೆ ಉತ್ತರಿಸಿ ಸುಸ್ತಾಗಿ, ಉತ್ತರ ಹೇಳುವವರನ್ನು ಜನರ ನಡುವಿನಿಂದಲೇ ತಯಾರು ಮಾಡಿದ್ದರು.

ಟೆಕ್ಸಸ್‌ನಲ್ಲಿ ಇಂಥದ್ದು ಬೇಕಾದುದಕ್ಕೆ ಗಟ್ಟಿ ಕಾರಣವಿದೆ. ಅಲ್ಲಿ ಶೇ 90ಕ್ಕೂ ಹೆಚ್ಚು ನೆಲ ಖಾಸಗಿಯವರದು. ಅಭಯಾರಣ್ಯ ಘೋಷಿಸಿ ಬೇಲಿ ಹಾಕಿದರೆ ಉಳಿಯುವುದು ಅಲ್ಪ. ಹೊಲ, ಹುಲ್ಲುಗಾವಲು, ಹಿತ್ತಿಲುಗಳ ಒಡೆಯರಿಗೆ ತಮ್ಮಲ್ಲೇನಿದೆ ಎಂಬುದು ಗೊತ್ತಿರಬೇಕು. ಅದನ್ನು ಹೇಳಲು ಸರ್ಕಾರಿ ನೌಕರರಷ್ಟೇ ಸಾಲರು.

ತರಬೇತಿ ಕನಿಷ್ಠ 40 ಗಂಟೆಗಳದು. ವಾರಕ್ಕೊಂದು ತರಗತಿ, ನಡುನಡುವೆ ಬಯಲಿನ ಪಾಠ, ಹೀಗೆ ಕೆಲವು ತಿಂಗಳು ಸಾಗುತ್ತದೆ. ಕಲ್ಲು ಮಣ್ಣುಗಳಿಂದ ಹಿಡಿದು ಸಸ್ಯ, ಕೀಟ, ಹಾವು ಕಪ್ಪೆ, ಹಕ್ಕಿ, ಸಸ್ತನಿ, ನೀರಿನವರೆಗೆ ಪಾಠಗಳಿವೆ. ಕಂಡದ್ದನ್ನು ಮಕ್ಕಳಿಗೂ ದೊಡ್ಡವರಿಗೂ ವಿವರಿಸುವುದನ್ನೂ ಕಲಿಸುತ್ತಾರೆ. ಕಲಿಸುವವರು ವಿಶ್ವವಿದ್ಯಾಲಯದ ಅಧ್ಯಾಪಕರು, ಇಲಾಖೆಯ ಜೀವವಿಜ್ಞಾನಿಗಳು, ಪಳಗಿದ ಹವ್ಯಾಸಿಗಳು.

ರಾಜ್ಯವಿಡೀ ಒಂದೇ ಚೌಕಟ್ಟಿದ್ದರೂ ಪಾಠದ ಹೂರಣ ಆಯಾ ಊರಿನದು, ಈ ಯೋಜನೆಯ ನಿಜವಾದ ಜಾಣ್ಮೆ ಇರುವುದು ಇಲ್ಲೇ. 40ಕ್ಕೂ ಹೆಚ್ಚು ಸ್ಥಳೀಯ ಘಟಕಗಳು ತಮ್ಮ ನೆಲಕ್ಕೆ ತಕ್ಕಂತೆ ಕಲಿಸುತ್ತವೆ. ಕರಾವಳಿಯವರು ಕೆಂಪ್ಸ್ ರಿಡ್ಲಿ ಕಡಲಾಮೆಯ ಬಗ್ಗೆ ಕಲಿಯುತ್ತಾರೆ. ಅದು ಹಗಲಲ್ಲೇ ದಡಕ್ಕೆ ಬಂದು ಮೊಟ್ಟೆಯಿಡುವ ಆಮೆಯಾದ್ದರಿಂದ ಗೂಡು ಹುಡುಕುವವರ ಕಾವಲೂ ಹಗಲಲ್ಲೇ. ಆಸ್ಟಿನ್ ಸುತ್ತಿನ ಸುಣ್ಣಕಲ್ಲಿನ ಗುಡ್ಡಗಳವರಿಗೆ ಆಶ್ ಜುನಿಪರ್ ಮರದ ಪಾಠ. ನೀರು ಹೀರುವ ಕಳೆಯೆಂದು ಜನ ಇದನ್ನು ಕಡಿಯುತ್ತಾರೆ. ಆದರೆ ಟೆಕ್ಸಸ್ ಬಿಟ್ಟು ಜಗತ್ತಿನ ಬೇರೆಲ್ಲೂ ಮರಿ ಮಾಡದ ಹೊಂಗೆನ್ನೆಯ ವಾರ್ಬ್ಲರ್ ಹಕ್ಕಿ, ಬಲಿತ ಜುನಿಪರ್‌ನ ತೊಗಟೆಯ ಎಳೆಗಳನ್ನು ಜೇಡರ ಬಲೆಯಿಂದ ಹೆಣೆದೇ ಗೂಡು ಕಟ್ಟುತ್ತದೆ. ಮರ ಎಳೆಯದಾದರೆ ತೊಗಟೆ ಸುಲಿದು ಬರುವುದಿಲ್ಲ. ಇಷ್ಟು ತಿಳಿದವನು ಕೊಡಲಿ ಎತ್ತುವ ಮುನ್ನ ಮರದ ವಯಸ್ಸು ನೋಡುತ್ತಾನೆ.

ಕನ್ನಡಿಗರಿಗೆ ಅಚ್ಚರಿ ತರುವ ಸಂಗತಿಯೊಂದು ಲಂಟಾನದ್ದು. ನಮ್ಮ ಬಂಡೀಪುರದ ಕಾಡನ್ನು ನುಂಗಿದ ಈ ಪೊದೆಯ ಹತ್ತಿರದ ಬಂಧುವೊಂದು ಟೆಕ್ಸಸ್‌ನ ಸ್ವಂತ ಸಸ್ಯ. ಚಿಟ್ಟೆಗಳಿಗೆಂದು ಅದನ್ನು ನೆಡಿ ಎಂದೇ ಅಲ್ಲಿ ಸಲಹೆ ಕೊಡುತ್ತಾರೆ. ಮೆಕ್ಸಿಕೊಗೆ ವಲಸೆ ಹೋಗುವ ಮೊನಾರ್ಕ್ ಚಿಟ್ಟೆ ಮೊಟ್ಟೆಯಿಡುವ ಮಿಲ್ಕ್‌ವೀಡ್ ಕೂಡ ನಮ್ಮ ಎಕ್ಕದ ಕುಟುಂಬದ್ದೇ.

ತರಗತಿ ಮುಗಿದ ಮಾತ್ರಕ್ಕೆ ಬಿರುದು ಸಿಗದು. ಒಂದು ವರ್ಷದೊಳಗೆ 40 ಗಂಟೆ ಸೇವೆ ಸಲ್ಲಿಸಬೇಕು, 8 ಗಂಟೆ ಮೇಲ್ಮಟ್ಟದ ಕಲಿಕೆ ಪೂರೈಸಬೇಕು. ಆಮೇಲೆ ಕೊಡುಗೆಯಾಗಿ ಬರುವುದು ಕೊಡತಿ ಕೀಟದ ಆಕಾರದ ಪಿನ್. ಮರುವರ್ಷವೂ ಅಷ್ಟೇ ಸೇವೆ, ಅಷ್ಟೇ ಕಲಿಕೆ ಮುಗಿಸಿದವರಿಗೆ ಆ ವರ್ಷಕ್ಕೆಂದು ಆರಿಸಿದ ಬೇರೊಂದು ಜೀವಿಯ ಪಿನ್. ಪ್ರತಿ ಗಂಟೆಯನ್ನೂ ದಾಖಲಿಸಬೇಕು. ಯಾವ ಕೆಲಸ ಲೆಕ್ಕಕ್ಕೆ ಬರುತ್ತದೆಂದು ಘಟಕ ತೀರ್ಮಾನಿಸುತ್ತದೆ. ಹಕ್ಕಿ ಗಣತಿ, ತೊರೆಯ ನೀರಿನ ಪರೀಕ್ಷೆ, ಪರಕೀಯ ಸಸ್ಯಗಳನ್ನು ಕೀಳುವುದು, ಕಾಡುದಾರಿಯ ದುರಸ್ತಿ, ಶಾಲಾಮಕ್ಕಳನ್ನು ಬಯಲಿಗೆ ಕರೆದೊಯ್ಯುವುದು ಇವೆಲ್ಲ ಸೇರುತ್ತವೆ. ದುಡ್ಡಿಗಾಗಿ ಮಾಡಿದ್ದು ಸೇರದು.

ಕೊರತೆ ಇಲ್ಲವೆಂದಲ್ಲ. ವಾರದ ದಿನಗಳಲ್ಲೂ ಬಿಡುವಿರುವ ನಿವೃತ್ತರೇ ಇಲ್ಲಿ ಹೆಚ್ಚು. ದುಡಿಯುವ ವಯಸ್ಸಿನವರಿಗೆ ಗಂಟೆಗಳ ಈ ಲೆಕ್ಕ ಭಾರ. ಹಾಗಿದ್ದೂ ಕಲಿತದ್ದನ್ನು ಊರಿಗೆ ಹಿಂತಿರುಗಿಸಲೇಬೇಕೆಂಬ ಕರಾರು ಇಲ್ಲದಿದ್ದರೆ ಇದು ಮತ್ತೊಂದು ಹವ್ಯಾಸ ಶಿಬಿರವಾಗಿ ಕರಗುತ್ತಿತ್ತು. ವರ್ಜೀನಿಯಾ, ಮಿನ್ನೆಸೋಟ ಮೊದಲಾದ ರಾಜ್ಯಗಳಲ್ಲೂ ಇಂಥ ಯೋಜನೆಗಳಿವೆ.

ಕರ್ನಾಟಕದಲ್ಲಿ ಹವ್ಯಾಸಿಗಳ ಪರಂಪರೆ ಬೆಳೆದದ್ದು ಬಿಡುಬೀಸಾಗಿ. 1970ರ ದಶಕದಿಂದಲೂ ಬೆಂಗಳೂರಿನ ಪಕ್ಷಿವೀಕ್ಷಕರು ಲಾಲ್‌ಬಾಗ್‌ನಲ್ಲಿ ಭಾನುವಾರದ ನಡಿಗೆಗಳಲ್ಲಿ ಹೊಸಬರಿಗೆ ಹಕ್ಕಿ ತೋರಿಸುತ್ತ ಬಂದಿದ್ದಾರೆ. ಪೂರ್ಣಚಂದ್ರ ತೇಜಸ್ವಿಯವರ ಪುಸ್ತಕಗಳು ಎಷ್ಟೋ ಓದುಗರ ಕೈಗೆ ದುರ್ಬೀನು ಕೊಟ್ಟವು. ಇಲ್ಲಿ ಗಂಟೆಯ ಲೆಕ್ಕವಿಲ್ಲ, ಪಿನ್ನೂ ಇಲ್ಲ. ಆರಂಭಿಸಬೇಕೆನ್ನುವವರಿಗೆ ಪ್ರತಿ ಫೆಬ್ರುವರಿಯಲ್ಲಿ ನಾಲ್ಕು ದಿನ ನಡೆಯುವ ಜಾಗತಿಕ ಹಿತ್ತಿಲ ಹಕ್ಕಿ ಗಣತಿ ಸುಲಭದ ಬಾಗಿಲು. 15 ನಿಮಿಷ ಒಂದೆಡೆ ನಿಂತು ಕಂಡ ಹಕ್ಕಿಗಳನ್ನು ಎಣಿಸಿ ದಾಖಲಿಸಿದರೆ ಸಾಕು. ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್‌ಗಳಲ್ಲಿ ನೆಲೆಸಿರುವ ಕನ್ನಡಿಗರು ತಮ್ಮ ಪ್ರದೇಶದ ಘಟಕಕ್ಕೇ ಅರ್ಜಿ ಹಾಕಬಹುದು. ಜೀವವಿಜ್ಞಾನದ ಪದವಿ ಬೇಕಿಲ್ಲ.