ಕಾಡಂಚಿನ ಅಂಗಳಕ್ಕೆ ಕುಳ್ಳ ಚಿಟ್ಟೆಪೊದೆ

ನೀಲಗಿರಿಯ ಬುಡದ ಮಸಿನಗುಡಿಯಿಂದ ಬೊಕ್ಕಾಪುರಂ ಕಡೆಗೆ ಹೊರಟರೆ ರಸ್ತೆಯ ಎರಡೂ ಬದಿಗೆ ಕಾಣುವ ಪೊದೆ ಯಾವುದೆಂದು ಊರಿನ ಮಕ್ಕಳೂ ಹೇಳುತ್ತಾರೆ: ಲಂಟಾನ. ಒಂದೆರಡು ಮಳೆ ಬಿದ್ದರೆ ಸಾಕು, ಅದರ ಹಳದಿ, ಗುಲಾಬಿ ಹೂಗೊಂಚಲಿಗೆ ಚಿಟ್ಟೆಗಳು ಮುತ್ತಿಕೊಳ್ಳುತ್ತವೆ. ಮಕರಂದ ಸಿಕ್ಕರಾಯಿತು, ಚಿಟ್ಟೆ ಗಿಡದ ಕುಲಗೋತ್ರ ಕೇಳುವುದಿಲ್ಲ. ಅಮೆರಿಕ ಖಂಡದ ಬಿಸಿ ಸೀಮೆಯ ಈ ಗಿಡ ನಮ್ಮ ದೇಶಕ್ಕೆ ಬಂದದ್ದು ಕಳ್ಳದಾರಿಯಲ್ಲಲ್ಲ. 19ನೇ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಲಂಕಾರದ ಗಿಡವಾಗಿ, ಮರ್ಯಾದೆಯಿಂದಲೇ ಬಂತು. ಹೂ ಚೆಂದ, ಬೇಲಿಗೂ ಆಗುತ್ತದೆ ಎಂದು ಜನ ನೆಟ್ಟರು. ಹಣ್ಣು ತಿಂದ ಹಕ್ಕಿಗಳು ಬೀಜವನ್ನು ಕಾಡಿಗೆ ಒಯ್ದವು. ಇವತ್ತು ಮುದುಮಲೈ, ಬಂಡೀಪುರ, ಬಿಳಿಗಿರಿರಂಗನ ಬೆಟ್ಟ, ಎಲ್ಲಿ ನೋಡಿದರೂ ಮರದಡಿಯಲ್ಲಿ ಅದೇ. ಅದು ದಟ್ಟವಾಗಿ ಹಬ್ಬಿದ ಕಡೆ ಹುಲ್ಲು ಏಳದು, ಹುಲ್ಲಿಲ್ಲದ ಕಡೆ ಜಿಂಕೆಗೂ ಕಾಟಿಗೂ ಮೇವಿಲ್ಲ. ಗೂಡಲೂರು ಸುತ್ತಿನ ಬೆಟ್ಟಕುರುಂಬ, ಪಣಿಯ ಮೊದಲಾದ ಸಮುದಾಯಗಳ ಕುಶಲಿಗಳು ಇದೇ ಲಂಟಾನದ ಕಡ್ಡಿ ಬಾಗಿಸಿ, ಹೆಣೆದು ನಿಜಗಾತ್ರದ ಆನೆಗಳನ್ನು ಮಾಡಿದರು. 2021ರಲ್ಲಿ ಆ ಆನೆಗಳು ಲಂಡನ್ನಿನ ಉದ್ಯಾನಗಳಲ್ಲಿ ಮೆರೆದವು. ಅಷ್ಟು ಕಡಿದರೂ ಕಾಡಿನಲ್ಲಿ ಲಂಟಾನಕ್ಕೆ ಬರ ಬಂದಿಲ್ಲ.

ಚಿಟ್ಟೆಪೊದೆಯ ಕಥೆಯನ್ನು ಲಂಟಾನದಿಂದ ಶುರು ಮಾಡಿದ್ದಕ್ಕೆ ಕಾರಣವಿದೆ. ನರ್ಸರಿಗಳಲ್ಲಿ ‘ಬಟರ್‌ಫ್ಲೈ ಬುಷ್’ ಎಂದು ಮಾರುವ ಬಡ್ಲಿಯ ಡೇವಿಡೈ ಕೂಡ ಇಂಥದೇ ಚೆಲುವೆ. ಮೂಲ ಚೀನಾದ ಬೆಟ್ಟಸೀಮೆ. ಹೆಸರಿನಲ್ಲಿರುವ ಡೇವಿಡ್, ಪಾಂಡಾವನ್ನು 1869ರಲ್ಲಿ ಹೊರಜಗತ್ತಿನ ವಿಜ್ಞಾನಕ್ಕೆ ಪರಿಚಯಿಸಿದ ಫ್ರೆಂಚ್ ಪಾದ್ರಿ ಅರ್ಮಾನ್ ಡೇವಿಡ್. ಟೊಂಗೆಯ ತುದಿಯಲ್ಲಿ ಗೇಣುದ್ದದ ನೇರಳೆ ತೆನೆ, ತೆನೆಯ ತುಂಬ ನೂರಾರು ಪುಟ್ಟ ಹೂ. ಒಂದೊಂದು ಹೂವೂ ನಾಲ್ಕು ದಳದ ಸಣ್ಣ ಕೊಳವೆ, ಬಾಯಲ್ಲಿ ಕಿತ್ತಳೆ ಚುಕ್ಕೆ, ತಳದಲ್ಲಿ ಮಕರಂದ. ಚಿಟ್ಟೆ ತೆನೆಯ ಮೇಲೆ ಕೂತು, ಸುರುಳಿ ನಾಲಗೆ ಬಿಚ್ಚಿ, ಒಂದು ಕೊಳವೆಯಿಂದ ತೆಗೆದು ಪಕ್ಕದ್ದಕ್ಕೆ ಇಳಿಸುತ್ತ ತೆನೆಯನ್ನೇ ಸುತ್ತಿ ಬರುತ್ತದೆ. ಹಾರಿಹೋಗುವ ಅವಸರವಿಲ್ಲ. ಹತ್ತಿರದಿಂದ ನೋಡಲು, ಫೋಟೋ ತೆಗೆಯಲು ಇದಕ್ಕಿಂತ ಅನುಕೂಲದ ಗಿಡ ಸಿಗುವುದು ಕಷ್ಟ.

ತೊಂದರೆ ಇರುವುದು ಬೀಜದಲ್ಲಿ. ಒಂದೇ ಗಿಡ ಲಕ್ಷಗಟ್ಟಲೆ ಬೀಜ ಉದುರಿಸುತ್ತದೆ. ಅದು ದೂಳಿನಷ್ಟು ಹಗುರ, ಗಾಳಿಯಲ್ಲೇ ಊರು ದಾಟುತ್ತದೆ. ಎರಡನೇ ಮಹಾಯುದ್ಧದಲ್ಲಿ ಬಾಂಬ್ ಬಿದ್ದು ಹಾಳಾದ ಲಂಡನ್ನಿನ ಇಟ್ಟಿಗೆ ರಾಶಿಗಳ ಮೇಲೆಲ್ಲ ಬಡ್ಲಿಯ ಎದ್ದು ನಿಂತಿತ್ತು. ರೈಲುಹಳಿಯ ಜಲ್ಲಿಯಲ್ಲೂ ಗೋಡೆಯ ಬಿರುಕಿನಲ್ಲೂ ಇಂದಿಗೂ ಅಲ್ಲಿ ಅದು ಮೊಳೆಯುತ್ತದೆ. ನ್ಯೂಜಿಲೆಂಡಿನಲ್ಲಿ ಅದು ಕಳೆ. ಅಮೆರಿಕದ ಆರೆಗನ್ ರಾಜ್ಯದಲ್ಲಿ ಸಾಮಾನ್ಯ ತಳಿಯ ಮಾರಾಟಕ್ಕೇ ನಿಷೇಧವಿದೆ, ಬೀಜ ಬಹುತೇಕ ಕಟ್ಟದ ತಳಿಗಳಿಗಷ್ಟೇ ಅನುಮತಿ.

ಕುಳ್ಳ ತಳಿಗಳಿಗೆ ಬೆಲೆ ಬಂದದ್ದು ಈ ಹಿನ್ನೆಲೆಯಲ್ಲಿ. ಹತ್ತಡಿ ಬೆಳೆದು ಅಂಗಳ ನುಂಗುವ ಪೊದೆಯ ಬದಲು ಮೊಣಕಾಲೆತ್ತರದಲ್ಲಿ ನಿಲ್ಲುವ ಗಿಡಕ್ಕಾಗಿ ತಳಿಗಾರರು ದುಡಿದರು. ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದ ಡೆನಿಸ್ ವರ್ನರ್ ರೂಪಿಸಿದ ‘ಬ್ಲೂ ಚಿಪ್’ ಅವುಗಳಲ್ಲಿ ಹೆಸರಾದದ್ದು: ಎತ್ತರ ಎರಡರಿಂದ ಮೂರು ಅಡಿ, ಬೀಜ ತೀರಾ ಕಡಿಮೆ. ಆದರೆ ಗಿಡ ಕುಳ್ಳಗಾದ ಮಾತ್ರಕ್ಕೆ ಬಂಜೆಯೇನೂ ಅಲ್ಲ. ಕುಂಡದಲ್ಲಿ ಮುದ್ದಾಗಿ ಕೂತೇ ಬೀಜ ತೂರುವ ಕುಳ್ಳ ತಳಿಗಳೂ ಇವೆ. ಕಾಡು ಹಿತ್ತಿಲಿಗೇ ತಾಗಿರುವ ಊರಿನಲ್ಲಿ ಈ ವ್ಯತ್ಯಾಸ ಗಿಡದ ಎತ್ತರಕ್ಕಿಂತ ದೊಡ್ಡದು.

ಇನ್ನು ಬೆಳೆಸುವ ಮಾತು. ಬೊಕ್ಕಾಪುರಂ ಊಟಿಯಲ್ಲ. ಊಟಿ 2,240 ಮೀಟರ್ ಎತ್ತರದ ಚಳಿಯೂರು. ಇದು ಅದರ ಬುಡದಲ್ಲಿ, ಸುಮಾರು ಒಂದು ಸಾವಿರ ಮೀಟರ್ ಎತ್ತರದ ಸೀಗೂರು ಪ್ರಸ್ಥಭೂಮಿಯಲ್ಲಿ, ಮಳೆನೆರಳಲ್ಲಿದೆ. ಮುಂಗಾರು ಬೆಟ್ಟದ ಆಚೆಗೇ ಹೆಚ್ಚು ಸುರಿದು ಮುಗಿಯುತ್ತದೆ. ಇಲ್ಲಿ ಏಪ್ರಿಲ್, ಮೇ ತಿಂಗಳ ಗುಡುಗುಮಳೆ ಮತ್ತು ಹಿಂಗಾರಿನದೇ ಭರವಸೆ. ಬಡ್ಲಿಯಕ್ಕೆ ಒಣಹವೆ ತೊಡಕಲ್ಲ, ಬೇರಿಗೆ ನೀರು ನಿಂತರೆ ಮಾತ್ರ ಕೊಳೆಯುತ್ತದೆ. ಆದ್ದರಿಂದ ತಳದಲ್ಲಿ ಧಾರಾಳ ತೂತಿರುವ, ಹನ್ನೆರಡು ಹದಿನಾಲ್ಕು ಅಂಗುಲ ಅಗಲದ ಮಣ್ಣಿನ ಕುಂಡ ಒಳ್ಳೆಯದು. ಕೆಂಪುಮಣ್ಣು, ದಪ್ಪ ಮರಳು, ಚೆನ್ನಾಗಿ ಕಳಿತ ಗೊಬ್ಬರ ಸಮಸಮ ಸಾಕು. ದಿನಕ್ಕೆ ಆರು ತಾಸಾದರೂ ಬಿಸಿಲು ಬೀಳಲಿ. ಗೊಬ್ಬರ ಹೆಚ್ಚಾದರೆ ಎಲೆ ಸೊಂಪಾಗಿ ಹೂ ಕಡಿಮೆಯಾಗುತ್ತದೆ.

ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಆದ್ದರಿಂದ ಕತ್ತರಿಸಲು ಹಿಂಜರಿಯಬಾರದು. ಮಾಸಿ ತಿಂಗಳ (ಫೆಬ್ರವರಿ-ಮಾರ್ಚ್) ಮಾರಿಯಮ್ಮನ ಜಾತ್ರೆ ಮುಗಿದ ಹೊತ್ತಿಗೆ ಗಿಡವನ್ನು ಅರ್ಧದಷ್ಟು ಸವರಿ, ನೀರು ಕೊಟ್ಟು ಬಿಟ್ಟರೆ ಬೇಸಿಗೆ ಮಳೆಗೆ ಚಿಗುರೊಡೆಯುತ್ತದೆ. ಬಾಡಿದ ತೆನೆಯನ್ನು ಕಂಡಾಗಲೆಲ್ಲ ತೆಗೆಯಿರಿ: ಮುಂದಿನ ಹೂವೂ ಬೇಗ ಬರುತ್ತದೆ, ಬೀಜದ ಭಯವೂ ತಪ್ಪುತ್ತದೆ. ಅಂಗಳಕ್ಕೆ ಬರುವ ಜಿಂಕೆಗಳಿಗೆ ಇದರ ನವಿರು ರೋಮದ ಎಲೆ ರುಚಿಸದು ಎಂದು ಹೊರದೇಶದ ತೋಟಗಾರರು ಹೇಳುತ್ತಾರೆ. ಮಾರ್ಚಿ ತಿಂಗಳ ಹಸಿದ ಚುಕ್ಕೆ ಜಿಂಕೆ ಅವರ ಮಾತು ಕೇಳೀತೆಂದು ನಂಬಿ ಕೂರಬೇಡಿ.

ಇಷ್ಟಾದರೂ ಚಿಟ್ಟೆಪೊದೆ ಬರೀ ಪಾನಗೃಹ. ನಮ್ಮ ಸುತ್ತಿನ ಸಾಮಾನ್ಯ ಚಿಟ್ಟೆಗಳು ಅದರ ಮೇಲೆ ಮೊಟ್ಟೆ ಇಡಲು ಹೋಗುವುದಿಲ್ಲ. ಅದಕ್ಕೆ ಬೇರೆಯೇ ಗಿಡ ಬೇಕು, ಅದು ನಿಮ್ಮ ಹಿತ್ತಿಲಲ್ಲಿ ಆಗಲೇ ಇದ್ದೀತು. ನಿಂಬೆ ಮತ್ತು ಕರಿಬೇವಿನ ಚಿಗುರನ್ನು ಮಗುಚಿ ನೋಡಿ. ಹಕ್ಕಿ ಹಿಕ್ಕೆಯಂತೆ ಕಾಣುವ ಕಪ್ಪು ಬಿಳಿ ಹುಳು ನಿಂಬೆಚಿಟ್ಟೆಯದೋ ಕಾಮನ್ ಮಾರ್ಮನ್‌ದೋ ಇರುತ್ತದೆ. ಬೆಳೆದ ಮೇಲೆ ಅದು ಹಸಿರಾಗುತ್ತದೆ. ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೊಂಬೊಂದನ್ನು ಚಾಚಿ ಕಟುವಾಸನೆ ಬಿಡುತ್ತದೆ. ಎಕ್ಕದ ಮೇಲೆ ಪ್ಲೇನ್ ಟೈಗರ್, ಕಣಗಿಲೆಯ ಮೇಲೆ ಕಾಮನ್ ಕ್ರೋ, ಈಶ್ವರಬಳ್ಳಿಯ ಮೇಲೆ ಕ್ರಿಮ್ಸನ್ ರೋಸ್ ಮರಿ ಮಾಡುತ್ತವೆ. ಒಣಕಾಯಿ ಗಲಗಲ ಎನ್ನುವ ಕ್ರೋಟಲೇರಿಯ ಗಿಡವೊಂದಿದ್ದರೆ, ಮಳೆಗಾಲಗಳ ಆಸುಪಾಸಿನಲ್ಲಿ ಪಶ್ಚಿಮಘಟ್ಟಕ್ಕೂ ಪೂರ್ವದ ಬಯಲಿಗೂ ನಡುವೆ ವಲಸೆ ಹೋಗುವ ಬ್ಲೂ ಟೈಗರ್ ಗಂಡುಗಳು ಬಾಡಿದ ಕಾಂಡವನ್ನು ಹೀರಲು ಬರುತ್ತವೆ. ಹೆಣ್ಣನ್ನು ಸೆಳೆಯುವ ಪರಿಮಳಕ್ಕೆ ಬೇಕಾದ ಸಸ್ಯಕ್ಷಾರ (ಆಲ್ಕಲಾಯ್ಡ್) ಅವಕ್ಕೆ ಅಲ್ಲಿ ಸಿಗುತ್ತದೆ. ಹುಳು ಎಲೆ ತಿಂದಿತೆಂದು ಔಷಧಿ ಹೊಡೆಯುವವರು ಚಿಟ್ಟೆತೋಟದ ಆಸೆ ಬಿಡುವುದು ವಾಸಿ.

ಬಡ್ಲಿಯವೇ ಬೇಕೆಂಬ ಹಟವಿದ್ದರೆ ನಮ್ಮದೇ ಒಂದಿದೆ: ಬಡ್ಲಿಯ ಏಷ್ಯಾಟಿಕ. ಹಿಮಾಲಯದ ತಪ್ಪಲಲ್ಲೂ ದಕ್ಷಿಣದ ಬೆಟ್ಟಗಳಲ್ಲೂ ತಾನಾಗಿ ಬೆಳೆಯುವ, ಬಿಳಿ ತೆನೆಯ, ಘಮಘಮ ಎನ್ನುವ ಪೊದೆ. ಕುಂಡಕ್ಕೆ ದೊಡ್ಡದಾದೀತು, ಜಾಗವಿದ್ದವರು ನೆಲದಲ್ಲಿ ನೆಡಬಹುದು. ಪುಟ್ಟ ಅಂಗಳದವರಿಗೆ ತುಂಬೆ, ಕೇಪಳ ಸಾಕು.

ಅಂಗಡಿಯ ನೇರಳೆ ಬಡ್ಲಿಯವನ್ನೇ ತರುವುದಾದರೆ ಮೊದಲು ತಳಿಯ ಹೆಸರು ಕೇಳಿ, ಬೀಜ ಕಟ್ಟುತ್ತದೆಯೇ ಎಂದು ವಿಚಾರಿಸಿ. ಮಾರುವವರಿಗೆ ಗೊತ್ತಿಲ್ಲವೆಂದರೆ ಆ ಗಿಡವನ್ನು ಬೊಕ್ಕಾಪುರಕ್ಕೆ ತರಬೇಡಿ.